ನಾನು ಅದಲುಬದಲು ಮಾಡಿದ ಲಕೋಟೆಗಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಕೊಪ್ಪದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೂ ಅಟೆಂಡರನಾಗಿದ್ದೆ. ಕೊನೆಯ ವರ್ಷಗಳಲ್ಲಿ ಅಲ್ಲೊಂದು ಮೋಸ ಮಾಡಿದೆ. ಮಾಡುವಾಗ ಅದು ಉಪಕಾರವೆಂದೇ ತಿಳಿದಿದ್ದೆ. ಹಾಗಲ್ಲವೆಂದು ಗೊತ್ತಾದ ದಿನವನ್ನು ಇನ್ನೂ ಮರೆತಿಲ್ಲ.

ನಮ್ಮ ಕಡೆ ಜ್ವರ ಬಂತೆಂದರೆ ಗ್ಲೂಕೋಸ್ ಬಾಟಲಿ ಹಾಕಿಸಬೇಕು. ಬರೀ ಮಾತ್ರೆ ಕೊಟ್ಟು ಕಳಿಸುವವರನ್ನು ಜನ ಡಾಕ್ಟರೆಂದೇ ಒಪ್ಪುವುದಿಲ್ಲ. ಎಸ್ಟೇಟಿನ ಕೆಲಸದವರಿಗಂತೂ ಮುಂಗೈ ಮೇಲಿನ ಹತ್ತಿ, ಪ್ಲಾಸ್ಟರು ರಜೆಚೀಟಿ ಇದ್ದಂತೆ. ಅದನ್ನು ನೋಡಿದರೆ ಮಾತ್ರ ಹಾಜರಿ ಬರೆಯುವ ರೈಟರು ಕಾಯಿಲೆಯನ್ನು ನಂಬುತ್ತಿದ್ದರು. ಪ್ಲಾಸ್ಟರು ಒದ್ದೆಯಾಗಬಾರದೆಂದು ಮೂರು ದಿನ ಒಂದೇ ಕೈಯಲ್ಲಿ ಸ್ನಾನ ಮಾಡಿದವರನ್ನು ನಾನು ಬಲ್ಲೆ.

ಬಾಳೆಹೊನ್ನೂರು ಕಡೆಯ ಒಬ್ಬ ಡಾಕ್ಟರಮ್ಮ ನಮ್ಮ ಆಸ್ಪತ್ರೆಗೆ ಬಂದವರು ಇದನ್ನು ಪ್ರಶ್ನಿಸಿದರು. ನೀರು ಕುಡಿಯಬಲ್ಲ ಜ್ವರದವರಿಗೆ ಬಾಟಲಿಯಿಂದ ಏನಾದರೂ ಲಾಭವಿದೆಯೇ? ಬೇರೆ ಡಾಕ್ಟರುಗಳು, "ಏನ್ರೀ ಡಾಕ್ಟ್ರೆ, ನಿಮ್ಮ ಬಾಟ್ಲಿ ಬಿಡ್ಸೋ ಸಂಘ ಎಲ್ಲಿಗ್ ಬಂತು?" ಎಂದು ಕಿಚಾಯಿಸುತ್ತಿದ್ದರು. ಇವರು ನಗುತ್ತಿದ್ದರು. "ನಂಗೆ ಅನ್ಸೋದು ಬಿಡಿ, ನಿಮಗೆ ಅನ್ಸೋದೂ ಬಿಡಿ. ನೋಡೇ ಬಿಡೋಣ" ಎನ್ನುತ್ತಿದ್ದರು.

ನೋಡುವ ಬಗೆ ಹೀಗಿತ್ತು. ಒಪ್ಪಿದ ರೋಗಿಗಳಿಗೆಲ್ಲ ಮಾತ್ರೆ ಒಂದೇ. ಅದರ ಜೊತೆಗೆ ಅರ್ಧ ಜನಕ್ಕೆ ಬಾಟಲಿ, ಉಳಿದರ್ಧ ಜನಕ್ಕೆ ನೀರಿನಲ್ಲಿ ಕಲಸಿ ಕುಡಿಯುವ ಪುಡಿ. ಯಾರಿಗೆ ಯಾವುದು ಎಂಬುದು ಅಂಟಿಸಿದ ಲಕೋಟೆಯೊಳಗಿನ ಚೀಟಿಯಲ್ಲಿರುತ್ತಿತ್ತು. ಬಂದ ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಲಕೋಟೆ ಒಡೆಯಬೇಕು. ಮತ್ತೆ ಕೆಲಸಕ್ಕೆ ಹೋದ ದಿನವನ್ನು ಅವರು ಬಂದು ಹೇಳಬೇಕು. "ಯಾರಿಗೆ ಯಾವ್ದು ಅಂತ ಆರಿಸೋ ಹಕ್ಕು ನಂಗೂ ಇಲ್ಲ, ನಿಮಗೂ ಇಲ್ಲ" ಎಂದು ಹೇಳಿ ಡಾಕ್ಟರಮ್ಮ ಲಕೋಟೆಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

ಮೊದಲ ವಾರವೇ ಹರಿಹರಪುರದಿಂದ ಒಬ್ಬ ಮುದುಕಿ ಬಂದಳು. ಕೂತಲ್ಲೇ ಓಲಾಡುತ್ತಿದ್ದಳು. ಪಕ್ಕದಲ್ಲಿ, ಜ್ವರವೆಂದೇ ಬಂದಿದ್ದ ಒಬ್ಬ ಗಟ್ಟಿಮುಟ್ಟಾದ ಆಳು ಮೊಬೈಲು ನೋಡುತ್ತ ಕೂತಿದ್ದ. ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆಗೆ ಅವರಿಬ್ಬರ ಸರದಿಯ ಲಕೋಟೆಗಳನ್ನೂ ಹಿಡಿದೆ. ಅಕ್ಷರ ಕಂಡಿತು. ಮುದುಕಿಗೆ ಪುಡಿ, ಆಳಿಗೆ ಬಾಟಲಿ. ಇದ್ಯಾವ ನ್ಯಾಯ ಅನ್ನಿಸಿ, ಇವಳದ್ದನ್ನು ಅವನಿಗೆ, ಅವನದ್ದನ್ನು ಇವಳಿಗೆ ಮಾಡಿದೆ. "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಾರಾಯ" ಎಂದಳು ಮುದುಕಿ.

ಆಮೇಲೆ ಅದೇ ಅಭ್ಯಾಸವಾಯಿತು. ಇಬ್ಬರು ಒಟ್ಟಿಗೆ ಕಾಯುತ್ತಿದ್ದರೆ ಲಕೋಟೆಗಳನ್ನು ದೀಪಕ್ಕೆ ಹಿಡಿಯುತ್ತಿದ್ದೆ. ವಯಸ್ಸಾದವರಿಗೆ, ಬಡಕಲಾದವರಿಗೆ ಬಾಟಲಿ. ಗಟ್ಟಿ ಇದ್ದವರಿಗೆ ಪುಡಿ.

ಎರಡು ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಡಾಕ್ಟರಮ್ಮ ರಿಜಿಸ್ಟರು ಹರಡಿಕೊಂಡು ನನ್ನನ್ನು ಕರೆದರು.

"ಬಾಟ್ಲಿ ಹಾಕಿಸ್ಕೊಂಡೋರೇ ಜಾಸ್ತಿ ದಿನ ಮಲಗಿದಾರೆ, ನೋಡಿ. ಉಪಯೋಗ ಇಲ್ಲ ಅಂತ ಅಂದ್ಕೊಂಡಿದ್ದೆ. ಇದು ತೊಂದ್ರೆನೇ ಮಾಡುತ್ತೆ ಅನ್ನೋ ಹಾಗಿದೆಯಲ್ಲ!" ಅವರ ಮುಖ ಅರಳಿತ್ತು. ಮತ್ತೆ ಪುಟ ತಿರುಗಿಸಿ, "ಬಾಟ್ಲಿ ಕಡೆ ವಯಸ್ಸಾದೋರೇ ಹೆಚ್ಚಿದಾರೆ. ಲಕೋಟೆ ಸರದಿ ಪ್ರಕಾರನೇ ಕೊಟ್ಟಿದ್ದು ತಾನೆ?" ಎಂದರು.

"ಹೌದು ಮೇಡಂ."

ಅದು ಎರಡನೆಯ ಮೋಸ.

ಜ್ವರದಿಂದ ತಡವಾಗಿ ಚೇತರಿಸಿಕೊಳ್ಳುವವರನ್ನೆಲ್ಲ ಹುಡುಕಿ ಹುಡುಕಿ ಬಾಟಲಿಯ ಕಡೆಗೆ ಹಾಕಿದವನು ನಾನೇ. ನನ್ನ ಕರುಣೆ ಬಾಟಲಿಯ ವಿರುದ್ಧ ಸುಳ್ಳು ಸಾಕ್ಷಿ ಹೇಳಿತ್ತು. ಇನ್ನು ಹದಿನೈದು ದಿನಕ್ಕೆ ಚಿಕ್ಕಮಗಳೂರಿನಲ್ಲಿ ಡಾಕ್ಟರುಗಳ ಸಭೆ. ಈ ಲೆಕ್ಕವನ್ನು ಡಾಕ್ಟರಮ್ಮ ಅಲ್ಲಿ ಓದುವವರಿದ್ದರು.

ಆದರೂ ಸುಮ್ಮನಿದ್ದೆ. ನಾಲ್ಕನೆಯ ದಿನ ಶೃಂಗೇರಿ ಬಸ್ಸಿನಿಂದ ಒಬ್ಬನನ್ನು ಎತ್ತಿಕೊಂಡು ಬಂದರು. ಕುಡಿದ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಕಣ್ಣು ಒಳಗೆ ಹೋಗಿತ್ತು. "ಇವ್ರಿಗೆ ಚೀಟಿ ಗೀಟಿ ಇಲ್ಲ. ಬಾಟ್ಲಿ ತನ್ನಿ, ಓಡಿ!" ಎಂದರು ಡಾಕ್ಟರಮ್ಮ. ಸಂಜೆ ಹೊತ್ತಿಗೆ ಅವನು ಕಣ್ಣು ಬಿಟ್ಟು ಹೆಂಡತಿಯನ್ನು ಕೇಳಿದ. ನಾನು ಬಾಟಲಿ ಹಿಡಿದು ನಿಂತಿದ್ದೆ. ಬಾಟಲಿಯೇ ತೊಂದರೆ ಮಾಡುತ್ತದೆಂದು ಸಭೆಯಲ್ಲಿ ಕೇಳಿದ ಯಾವನೋ ಡಾಕ್ಟರು ನಾಳೆ ಇಂಥವನಿಗೂ ಹಾಕದೆ ಹಿಂಜರಿದರೆ?

ಅವನನ್ನು ವಾರ್ಡಿಗೆ ಸೇರಿಸಿದ ಮೇಲೆ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಉಳಿದಿದ್ದ ಒಂದು ಲಕೋಟೆ ಕೊಟ್ಟು, "ಮಾಡಿ ತೋರ್ಸಿ" ಎಂದರು. ದೀಪಕ್ಕೆ ಹಿಡಿದೆ. ಇಬ್ಬರಿಗೂ ಅಕ್ಷರ ಕಂಡಿತು. ಅವರು ದೀಪ ಆರಿಸಿದರು.

"ಎಷ್ಟು ಜನಕ್ಕೆ?"

"ಗುರುತು ಹಾಕಿಲ್ಲ ಮೇಡಂ."

"ಹಾಗಾದ್ರೆ ಎಲ್ಲಾನೂ ಹೋಯ್ತು." ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು, "ವಯಸ್ಸು ನೋಡ್ದಾಗ್ಲೇ ನಂಗೆ ಅನುಮಾನ ಬಂದಿತ್ತು ಮಾರಾಯ್ರೆ. ನಂಗೆ ಬೇಕಾದ ಉತ್ತರಾನೇ ಬಂದಿತ್ತಲ್ಲ, ಅದಕ್ಕೇ ಕೆದಕ್ಲಿಲ್ಲ. ನಿಮ್ಮೊಬ್ಬರ ತಪ್ಪಲ್ಲ" ಎಂದರು.

ನಾನು ಬಾಯಿ ಬಿಡದಿದ್ದರೆ ಅವರು ಗೆದ್ದಂತೆಯೇ ಇತ್ತು. ಕಿಚಾಯಿಸಿದವರ ಬಾಯಿ ಮುಚ್ಚುತ್ತಿತ್ತು. ಅಂಥ ರಿಜಿಸ್ಟರಿನ ಮೊದಲ ಪುಟದಲ್ಲಿ ಅವರು ಕೆಂಪು ಶಾಯಿಯಿಂದ "ನಂಬಲು ಬಾರದು" ಎಂದು ಬರೆದು ಸಹಿ ಹಾಕಿದರು. ಸಭೆಗೆ ಹೋಗಿ ಇದನ್ನೇ ಹೇಳುತ್ತೇನೆ, ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ, ಪೆಟ್ಟಿಗೆ ಮಾತ್ರ ನಿಮ್ಮ ಕೈಗಿಲ್ಲ ಎಂದರು. "ಆದ್ರೆ ಬಂದು ಲೆಕ್ಕ ಕೊಟ್ಟೋರಿಗೆ ವಿಷ್ಯ ತಿಳೀಬೇಕು. ನೀವೇ ಹೋಗಿ ಹೇಳಿ."

ಮನೆಮನೆಗೆ ಹೋದೆ. ಹೆಚ್ಚಿನವರು, "ಆಯ್ತು ಬಿಡಿ, ಜ್ವರ ಬಿಡ್ತಲ್ಲ" ಎಂದು ನಕ್ಕು ಕಾಫಿ ಕೊಟ್ಟರು.

ನರಸಿಂಹರಾಜಪುರದ ದಾರಿಯ ಎಸ್ಟೇಟೊಂದರಲ್ಲಿ ಕೆಲಸದವರ ಲೈನ್ ಮನೆಗಳ ಮುಂದೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಸಿಕ್ಕಿದ್ದು ಪುಡಿ. ಕೈಮೇಲೆ ಪ್ಲಾಸ್ಟರು ಇಲ್ಲವೆಂದು ರೈಟರು ರಜೆ ಕೊಡದೆ, ಜ್ವರದಲ್ಲೇ ಎರಡು ದಿನ ಕಳೆ ಕಿತ್ತವಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ರೈಟ್ರು ಬೈದಾಗ್ಲೂ ನಾನು ನಿಮ್ಮ ಆಸ್ಪತ್ರೆಗೆ ಒಂದು ಮಾತು ಅನ್ಲಿಲ್ಲ ಅಣ್ಣ. ಡಾಕ್ಟ್ರಮ್ಮನೂ ಆರಿಸಲ್ಲ, ಯಾರೂ ಆರಿಸಲ್ಲ, ಚೀಟಿಲಿ ಬಂದಿದ್ದು ಅಂದಿದ್ರಲ್ಲ. ಒಪ್ಕೊಂಡೆ." ಕೈಲಿದ್ದ ಒದ್ದೆ ಸೀರೆಯನ್ನು ಬಕೆಟ್ಟಿಗೆ ಹಾಕಿದಳು. "ಹಾಗಾದ್ರೆ ನಂಗೆ ಬಂದಿದ್ದ ಚೀಟಿ ಯಾವ್ದು?"

ಆ ದಿನ ಬೆಂಚಿನ ಮೇಲೆ ಅವಳ ಪಕ್ಕ ಯಾರಿದ್ದರು, ನಾನು ದೀಪ ಹಾಕಿದ್ದೆನೇ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ನಂಗೆ ನೆನಪಿಲ್ಲ ತಾಯಿ" ಎಂದೆ.

ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.