ಶಾಲೆ ಬಿಟ್ಟವರಿಗೆ ಶಾಲೆಯೊಳಗೇ ನೋಟಿಸು

ಬೆಳಿಗ್ಗೆ ಆರು ಗಂಟೆ. ಸಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಊರೊಂದರ ನೀರಿನ ತೊಂಬೆ ಹತ್ತಿರ ಚಿಕ್ಕಹನುಮಕ್ಕ ಖಾಲಿ ಕೊಡ ಹಿಡಿದು ನಿಂತಿದ್ದಾರೆ. ಅವರಿಗೆ ನೀರು ಬೇಕಿಲ್ಲ, ಮನೆಯಲ್ಲೇ ನಲ್ಲಿ ಇದೆ. ಬೇಕಿರುವುದು ಹದಿನೇಳರ ಶರಣ್ಯಾ, ಅದೂ ಒಬ್ಬಳೇ ಸಿಗಬೇಕು. ಎಸ್ಸೆಸ್ಸೆಲ್ಸಿ ಮರುಪರೀಕ್ಷೆಗೆ ಅರ್ಜಿ ಹಾಕಲು ಇವತ್ತೇ ಕೊನೆಯ ದಿನ.

ಚಿಕ್ಕಹನುಮಕ್ಕ ಟೀಚರ್ ಅಲ್ಲ, ಸರ್ಕಾರಿ ಪ್ರೌಢಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ದಿನಕ್ಕೆ ನೂರಾ ನಲವತ್ತು ತಟ್ಟೆ ಬಡಿಸುತ್ತಾರೆ. ಯಾರಿಗೆ ಎರಡನೇ ಸಲ ಸಾರು ಬೇಕು, ಯಾರು ಮೊಟ್ಟೆ ಮುಟ್ಟುವುದಿಲ್ಲ, ಎಲ್ಲವೂ ಗೊತ್ತು. ಈ ವರ್ಷ ಫೇಲಾದ ಹನ್ನೊಂದು ಮಂದಿಯ ಮುಖವೂ ಹಾಗೇ ನೆನಪಿದೆ.

ಆ ಮಕ್ಕಳಿಗೆ ಕೆಲಸ ಎಲ್ಲಿದೆ? ಗಾರ್ಮೆಂಟ್ಸ್‌ನವರು ಹದಿನೆಂಟು ತುಂಬಲಿ, ಹತ್ತನೇ ಕ್ಲಾಸು ಪಾಸಾಗಲಿ ಅನ್ನುತ್ತಾರೆ. ಶಾಲೆ ಟಿಸಿ ಕೊಟ್ಟು ಕೈತೊಳೆದುಕೊಂಡಿದೆ. ಕಡಲೇಕಾಯಿ ಬಿಡಿಸುವ ಕೂಲಿ ವರ್ಷಕ್ಕೆ ಎರಡು ತಿಂಗಳು. ಉಳಿದ ಹತ್ತು ತಿಂಗಳು ಹುಡುಗರು ಅರಳೀಕಟ್ಟೆ ಮೇಲೆ, ಹುಡುಗಿಯರು ಮನೆಯೊಳಗೆ. ಇಂಥವರಿಗಾಗಿಯೇ ಇರುವ ಮರುಪರೀಕ್ಷೆಯ ನೋಟಿಸನ್ನು ಅಂಟಿಸಿರುವುದು ಶಾಲೆಯೊಳಗೆ, ಹೆಡ್‌ಮಾಸ್ಟರ್ ರೂಮಿನ ಪಕ್ಕ. ಗೇಟು ಕಂಡರೆ ನಾಚಿಕೊಂಡು ಬೇರೆ ಬೀದಿ ಹಿಡಿಯುವ ಮಕ್ಕಳು ಒಳಗೆ ಬಂದು ಅದನ್ನು ಓದಿಕೊಳ್ಳಬೇಕಂತೆ! ಸಿಟ್ಟು ಬರದೆ ಇನ್ನೇನು ಬರುತ್ತದೆ?

ಅದಕ್ಕೇ ಒಲೆ ಹಚ್ಚುವ ಮೊದಲು ಹನುಮಕ್ಕನೇ ಊರು ಸುತ್ತುತ್ತಾರೆ. ಎಂಟು ಮಂದಿಯ ಅರ್ಜಿ ಹಾಕಿಸಿದ್ದಾಗಿದೆ, ಇಬ್ಬರು ಊರಲ್ಲೇ ಇಲ್ಲ, ಉಳಿದವಳು ಶರಣ್ಯಾ ಒಬ್ಬಳೇ. ಆದರೆ ಯಾರ ಮನೆಗೂ ನೇರ ಹೋಗುವುದಿಲ್ಲ. ಹೋದ ವರ್ಷ ಒಂದು ಮನೆಗೆ ಹೋಗಿ, ನಿಮ್ಮ ಮಗಳು ಇನ್ನೊಂದು ಸಲ ಬರೆಯಬಹುದು ಎಂದು ಸಂತೋಷದಿಂದಲೇ ಹೇಳಿದ್ದರು. ಆ ಹುಡುಗಿಯೋ ಪಾಸಾಗಿದ್ದೇನೆ, ಅಂಕಪಟ್ಟಿ ಇನ್ನೂ ಬಂದಿಲ್ಲ ಎಂದು ಮನೆಯವರನ್ನು ನಂಬಿಸಿದ್ದಳು. ವಾರದೊಳಗೆ ಅವಳನ್ನು ಪಾವಗಡದ ಸೋದರಮಾವನ ಮನೆಗೆ ಸಾಗಹಾಕಿದರು.

"ನನ್ ಬಾಯಿಂದ ಒಂದು ಮಗೀನ ಓದು ಹೋಯ್ತು ಸಾ. ಅವತ್ತಿಂದ ಮೊದ್ಲು ಮಕ್ಳ ತಾವ ಮಾತು, ಆಮ್ಯಾಕೆ ಅಪ್ಪ ಅಮ್ಮ," ಎಂದು ನನಗೆ ಹೇಳುತ್ತಾರೆ.

ಕೊನೆಗೂ ಶರಣ್ಯಾ ಬರುತ್ತಾಳೆ. ಕೆಲಸ ಕೇಳಿಕೊಂಡು ಸಿರಾದಲ್ಲಿ ಮೂರು ಕಡೆ ಅಲೆದು ಬರಿಗೈಯಲ್ಲಿ ವಾಪಸಾದವಳು. ಗಣಿತ ತನ್ನಿಂದಾಗದು, ಫೇಲಾಗಿದ್ದು ಅಪ್ಪ ಅಡವಯ್ಯನಿಗೆ ಗೊತ್ತೂ ಇಲ್ಲ ಎಂದು ತಲೆ ಎತ್ತದೆ ಹೇಳುತ್ತಾಳೆ.

"ಗಣಿತ ಆಮ್ಯಾಕೆ ನೋಡಾನ ಬುಡು. ಮೊದ್ಲು ಇವತ್ತು ಇಸ್ಕೂಲಿಗೆ ಬಂದು ಸೈನ್ ಹಾಕು ಕಣಮ್ಮ. ನಿಮ್ಮಪ್ಪನ ತಾವ ಮಾತಾಡಾಕೆ ನಾನೂ ಬತ್ತೀನಿ."

ಮಧ್ಯಾಹ್ನದ ಊಟ ಮುಗಿಯಿತು, ಪಾತ್ರೆ ತೊಳೆದದ್ದೂ ಆಯಿತು, ಹುಡುಗಿಯ ಸುಳಿವಿಲ್ಲ. ಹೇಳಿ ಹೇಳಿ ಗಂಟಲು ಒಣಗಿತು ಎಂದು ಗೊಣಗುತ್ತಾ ಹನುಮಕ್ಕ ಸೌಟು ಕುಕ್ಕುತ್ತಾರೆ. ಆಫೀಸು ಮುಚ್ಚಲು ಅರ್ಧ ಗಂಟೆ ಇರುವಾಗ ಶರಣ್ಯಾ ಬರುತ್ತಾಳೆ. ಹಿಂದೆಯೇ ಅಡವಯ್ಯ. ಯಾರಿಗೂ ಕಾಯದೆ ತಾನೇ ಅಪ್ಪನಿಗೆ ಹೇಳಿಬಿಟ್ಟಿದ್ದಾಳೆ. ಅರ್ಜಿಗೆ ಸಹಿ ಬೀಳುತ್ತದೆ.

ಅಡುಗೆಯವರಿಗೆ ಈ ಉಸಾಬರಿ ಯಾಕೆ ಎಂದು ಕೇಳುತ್ತೇನೆ. ಹನುಮಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ನಾನು ಏಳ್ನೇ ಕ್ಲಾಸು ಫೇಲಾದಾಗ ಎರಡು ತಿಂಗ್ಳು ಬಾಗ್ಲಾಗೇ ಕುಂತಿದ್ದೆ ಸಾ, ಇಸ್ಕೂಲಿಂದ ಯಾರಾನಾ ಕರಿಯಾಕೆ ಬತ್ತಾರೇನೋ ಅಂತ."