ಮೂರನೆಯ ದಿನದ ಹಾಲು

ನಿಪ್ಪಾಣಿಯ ಹೊರಗೆ ಬಸ್ಸು ಪಂಕ್ಚರಾಯಿತು. ನೆರಳಿಗೆಂದು ಹೆದ್ದಾರಿ ಪಕ್ಕದ ಕ್ರೈಸ್ತರ ಸ್ಮಶಾನದ ಬೇವಿನ ಮರದಡಿ ನಿಂತೆ. ಬೀಡಿ ಕಟ್ಟಿ ಬೆರಳು ಕಪ್ಪಾದ ಹೆಂಗಸೊಬ್ಬಳು ಮಗನ ಹೊಸ ಗೋರಿಗೆ ಹಾಲು ತುಪ್ಪ ಎರೆಯಲು ಬಂದಿದ್ದಳು. ಮಣ್ಣು ಕೊಟ್ಟು ಅಂದಿಗೆ ಮೂರನೆಯ ದಿನ. ಮತ ಬದಲಿಸಿದರೂ ತವರಿನ ಈ ರೂಢಿ ಬಿಟ್ಟಿರಲಿಲ್ಲ. ಜೊತೆಗಿದ್ದ ಪಾದ್ರಿ ತಂಬಿಗೆಗೆ ಕೈ ಅಡ್ಡ ಹಿಡಿದರು. ಇಂಥ ಹೊತ್ತಿನಲ್ಲೂ ಉಪದೇಶವೇ ಎಂದು ನನಗೆ ಸಿಟ್ಟು ಬಂತು.

“ಇದೆಲ್ಲಾ ಬ್ಯಾಡವಾ. ಯೇಸುಸ್ವಾಮಿ ಮೂರನೇ ದಿನ ಎದ್ದ ಬಂದಾನ, ಅಂವನ್ನ ನಂಬು.”

“ನಂಬೀನ್ರಿ. ಅಂವಾ ದೇವ್ರು, ಎದ್ದಾ. ಇಂವಾ ಮನಿಶ್ಯಾ ಅದಾನ್ರಿ. ಇವಂಗ ಹಸಿವಾಗ್ತೈತಿ.”

ಪಾದ್ರಿ ಕೈ ತೆಗೆದರು. ಒಣಮಣ್ಣಿಗೆ ಬಿದ್ದ ಹಾಲು ಆ ಕ್ಷಣವೇ ಇಂಗಿಹೋಯಿತು.

“ನೋಡ್ರಿ,” ಅಂದಳು, “ಎಷ್ಟ ಹಸದಿದ್ದಾ.”