ಸುಂದರಾ ಅಕ್ಕೋರ ಪಿಎಚ್‌.ಡಿ.

ಕಳೆದ ಜೂನ್‌ನಲ್ಲಿ ತೆಲಸಂಗದ ರಾಮವ್ವ ಅಥಣಿಗೆ ಬಂದು ಸುಂದರಾ ಅವರ ಮನೆ ಬಾಗಿಲು ತಟ್ಟಿದಾಗ ಅವಳ ಕೈಯಲ್ಲೊಂದು ದಪ್ಪ ಫೈಲಿತ್ತು. ರಾಮವ್ವನದು ಕುರಿ ಕಾಯುವ ಮನೆತನ. ಮಗಳು ಕೋಮಲ ಅಥಣಿಯ ಖಾಸಗಿ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಸೇರಿದ್ದಳು. ಸುಂದರಾ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು. ತಲೆಯ ಬಗ್ಗೆ ಓದಿದ ಅಕ್ಕೋರು ಎಂದು ಯಾರೋ ದಾರಿ ತೋರಿಸಿದ್ದರು.

“ಅಕ್ಕೋರ, ನನ್ನ ಮಗಳ ಮೆದುಳು ಒಂದ ಕಡೆ ಕಡಿಮಿ ಐತಂತ್ರಿ. ಮಷಿನ್ ಮ್ಯಾಲ ಬೆರಳ ಇಡಿಸಿ ನೋಡ್ಯಾರ. ಗಣಿತದ ಸ್ಪೆಷಲ್ ಕ್ಲಾಸಿಗೆ ತಗೊಳ್ಳೂದಿಲ್ಲ ಅಂತಾರ.”

ಸುಂದರಾ ಫೈಲು ಬಿಚ್ಚಿದರು. ಹತ್ತು ಬೆರಳಚ್ಚು, ಬಣ್ಣಬಣ್ಣದ ಮೆದುಳಿನ ಚಿತ್ರ. ಕೊನೆಯ ಪುಟದಲ್ಲಿ, ‘ತರ್ಕಶಕ್ತಿ ಕಡಿಮೆ. ದೈಹಿಕ ಶ್ರಮದ ಕೆಲಸಗಳು ಸೂಕ್ತ.’ ಹದಿಮೂರು ವರ್ಷದ ಹುಡುಗಿಗೆ. ಕೆಳಗೆ ಸಹಿ ಹಾಕಿದ್ದವನು ಪರೀಕ್ಷೆ ನಡೆಸುವ ಕಂಪನಿಯ ಸಂಗ್ರಾಮ, ಸುಂದರಾ ಅವರದೇ ಹಳೆಯ ಶಿಷ್ಯ. ಅವರ ಮೈ ಉರಿದುಹೋಯಿತು. ರಾಮವ್ವನ ಎದುರಿಗೇ ಫೋನು ಹಚ್ಚಿದರು.

“ಬೆರಳ ಗೆರಿಗೂ ಬುದ್ಧಿಗೂ ಏನ ಸಂಬಂಧಪಾ? ಯಾವ ಪುಸ್ತಕದಾಗ ಓದಿದಿ?”

“ಸಾಲಿಯವರು ಕೇಳತಾರ್ರಿ ಮೇಡಂ, ನಾವು ಮಾಡಿಕೊಡ್ತೀವಿ. ಪಾಲಕರಿಗೂ ಸಮಾಧಾನ ಆಗತೈತಿ.”

“ಸಮಾಧಾನ ಆದ ಪಾಲಕರು ಇಲ್ಲೇ ಅಳಕೋತ ಕುಂತಾರ.”

ಸಂಗ್ರಾಮ ಮೆಲ್ಲಗೆ ಹೇಳಿದ. “ಸಿಟ್ಟಾಗಬ್ಯಾಡ್ರಿ. ನೀವೂ ನಮ್ಮನ್ನ ತೆಲಸಂಗಕ್ಕ ಕರಕೊಂಡ ಹೋಗಿದ್ರಿ. ಹುಡುಗರಿಗೆ ಬುದ್ಧಿ ಪರೀಕ್ಷಾ ಮಾಡಿಸಿ, ಮಂದ ಅಂತ ಪಟ್ಟಿ ಬರಸಿದ್ರಿ. ಆ ಪಟ್ಟಿ ಹೆಡ್ ಮಾಸ್ತರಿಗೆ ಕೊಟ್ಟಾಂವ ನಾನ.”

ಸುಂದರಾ ಫೋನು ಇಟ್ಟರು. ಅವನು ಹೇಳಿದ್ದು ನಿಜವಾಗಿತ್ತು.

ಸುಂದರಾ ಉಗಾರ ಬುದ್ರುಕದ ಬೌದ್ಧ ಕುಟುಂಬದ ಹುಡುಗಿ. ತಾಯಿ ತಂದೆ ಪರರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಎಂ.ಎ. ಓದುವಾಗ ಪ್ರಾಧ್ಯಾಪಕರೊಬ್ಬರು ತರಗತಿಯಲ್ಲೇ, ಕೂಲಿಕಾರರ ಮಕ್ಕಳಿಗೆ ಬುದ್ಧಿ ರಕ್ತದಲ್ಲೇ ಕಡಿಮೆ ಬಂದಿರುತ್ತದೆ ಎಂದು ಹೇಳಿದ್ದರು. ಆ ಮಾತಿಗೆ ಉತ್ತರ ಕೊಡಬೇಕೆಂದೇ ಸುಂದರಾ ಸಂಶೋಧನೆಗೆ ಇಳಿದರು. ಆದರೆ ಮಾರ್ಗದರ್ಶಕರು ಕೊಟ್ಟಿದ್ದು ಪಟ್ಟಣದ ಮಕ್ಕಳಿಗಾಗಿ ಮಾಡಿದ ಪ್ರಶ್ನಾವಳಿ. ಅದನ್ನೇ ಹಿಡಿದು ತೆಲಸಂಗದ ಕುರಿಗಾರರ ಮಕ್ಕಳ ಮುಂದೆ ಕುಳಿತರು.

ರೈಲಿನ ಟಿಕೀಟು ಕಳೆದರೆ ಏನು ಮಾಡುತ್ತೀ ಎಂಬುದು ಒಂದು ಪ್ರಶ್ನೆ. ಸ್ಟೇಷನ್ ಮಾಸ್ತರರಿಗೆ ತಿಳಿಸುತ್ತೇನೆ ಎಂದರೆ ಎರಡು ಅಂಕ. ಬೀರದೇವ ಎಂಬ ಹುಡುಗ ಕುಡಚಿಯ ರೈಲನ್ನು ಕಣ್ಣಿಂದ ನೋಡಿರಲಿಲ್ಲ. “ನಡಕೋತ ಹೋಗ್ತೀನ್ರಿ” ಎಂದ. ಕುರಿ ಹಿಂಡಿನ ಹಿಂದೆ ಕೃಷ್ಣಾ ನದಿಯವರೆಗೆ ನಡೆದು ಬಂದವನು ಅವನು. ಸುಂದರಾ ಸೊನ್ನೆ ಹಾಕಿದರು. ಪೆನ್ನು ಒಂದು ಕ್ಷಣ ನಿಂತಿತ್ತು, ಆದರೂ ಹಾಕಿದರು. ಪ್ರಬಂಧದ ನಾಲ್ಕನೆಯ ಅಧ್ಯಾಯ ತುಂಬ ಇಂಥ ಸೊನ್ನೆಗಳು. ಅದಕ್ಕೆ ಪಿಎಚ್‌.ಡಿ. ಬಂತು, ಬಡ್ತಿ ಬಂತು. ಮುಂದೆ ವರ್ಷ ವರ್ಷವೂ ಅದೇ ಪ್ರಶ್ನಾವಳಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಪಟ್ಟಿಯಲ್ಲಿದ್ದ ಮಕ್ಕಳನ್ನು ಹಿಂದಿನ ಸಾಲಿಗೆ ಕೂಡಿಸುತ್ತಾರೆಂದು ಗೊತ್ತಿದ್ದೂ ಕೇಳಲಿಲ್ಲ.

ಮರುದಿನ ರಾಮವ್ವನ ಜೊತೆ ಶಾಲೆಗೆ ಹೋದರು. ಅಂದು ಪಾಲಕರ ಸಭೆಯಿತ್ತು. ಮುಖ್ಯಾಧ್ಯಾಪಕರು ಬೆರಳಚ್ಚಿನ ಯಂತ್ರವನ್ನು ಮೇಜಿನ ಮೇಲಿಟ್ಟು ವಿವರಿಸುತ್ತಿದ್ದರು. ಸುಂದರಾ ಎದ್ದು ನಿಂತರು.

“ನೀವು ಮಾಡಾಕತ್ತಿದ್ದು ಅನ್ಯಾಯ. ನಾ ಇದನ್ನ ಯಾಕ ಹೇಳಬೇಕಂದ್ರ, ನಾನೂ ಇದನ್ನ ಮಾಡೇನಿ. ಸುಳ್ಳ ಪರೀಕ್ಷಾ ಹಿಡಕೊಂಡು ಬಡವರ ಮಕ್ಕಳನ್ನ ದಡ್ಡರು ಅಂತ ಬರದು ಡಾಕ್ಟರೇಟ್ ತಗೊಂಡೇನಿ.”

“ಮೇಡಂ, ನೀವು ರಿಟೈರ್ ಆದವರು. ಇದು ಹೊಸ ಟೆಕ್ನಾಲಜಿ ಐತ್ರಿ,” ಎಂದರು ಮುಖ್ಯಾಧ್ಯಾಪಕರು.

“ಹಂಗಾದ್ರ ಟೆಕ್ನಾಲಜಿ ಬಾಜೂಕ ಇಡ್ರಿ. ಹುಡುಗಿಗೆ ಗಣಿತದ ಪೇಪರ್ ಕೊಡ್ರಿ. ಬೆರಳಲ್ಲ, ಲೆಕ್ಕ ನೋಡ್ರಿ.”

ಹಿಂದಿನಿಂದ ಇಬ್ಬರು ಮೂವರು ಪಾಲಕರು ತಮ್ಮ ಮಕ್ಕಳಿಗೂ ಪೇಪರ್ ಕೊಡಿ ಎಂದರು. ಗದ್ದಲ ಬೇಡವೆಂದು ಮುಖ್ಯಾಧ್ಯಾಪಕರು ಒಪ್ಪಿಕೊಂಡರು. ಕೋಮಲಳಿಗೆ ಇಪ್ಪತ್ತೈದಕ್ಕೆ ಹದಿನೇಳು ಅಂಕ ಬಂತು, ಸ್ಪೆಷಲ್ ಕ್ಲಾಸಿನಲ್ಲಿ ಜಾಗ ಸಿಕ್ಕಿತು. ಯಂತ್ರ ಮಾತ್ರ ಶಾಲೆಯಲ್ಲೇ ಉಳಿಯಿತು. ಸಂಗ್ರಾಮನಿಂದ ಫೋನೂ ಬರಲಿಲ್ಲ.

ಸುಂದರಾ ಅವರ ಸಿಟ್ಟು ಇಳಿಯಲಿಲ್ಲ. ತಮ್ಮ ಪ್ರಬಂಧಕ್ಕೆ ಒಂದು ತಿದ್ದುಪಡಿ ಸೇರಿಸಬೇಕೆಂದು ವಿಶ್ವವಿದ್ಯಾಲಯಕ್ಕೆ ಮೂರು ಪತ್ರ ಬರೆದರು. ನಿಯಮದಲ್ಲಿ ಅವಕಾಶವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ದೀಪಾವಳಿ ಮುಗಿದ ಮೇಲೆ ಬಸ್ಸು ಹತ್ತಿ ತಾವೇ ಹೋದರು. ಗ್ರಂಥಾಲಯದ ಧೂಳಿನಲ್ಲಿ ಕೆಂಪು ರಟ್ಟಿನ ಪ್ರಬಂಧ ಸಿಕ್ಕಿತು. ನಾಲ್ಕನೆಯ ಅಧ್ಯಾಯ ತೆಗೆದು, ಅಂಚಿನಲ್ಲಿ ಶಾಯಿಯಿಂದ ಬರೆಯತೊಡಗಿದರು: ‘ಈ ಅಂಕಗಳು ತಪ್ಪು. ಪ್ರಶ್ನೆಗಳೇ ಈ ಮಕ್ಕಳವಲ್ಲ.’

ಗ್ರಂಥಾಲಯದ ಸಿಬ್ಬಂದಿಯೊಬ್ಬ ಓಡಿ ಬಂದ. “ಅಜ್ಜಿ, ಪುಸ್ತಕದಾಗ ಬರೀಬಾರ್ದ್ರಿ.”

“ಇಡೀ ಪುಸ್ತಕ ಬರದಾಕಿನ ನಾನ,” ಎಂದು ಸುಂದರಾ ಮುಂದಿನ ಪುಟ ತಿರುವಿದರು.